ಎದುರಿಗೆ ನಿಂತವನ ವಕೀಲ

ನವೆಂಬರ್ ಒಂಬತ್ತು, ಸೋಮವಾರ ಮಧ್ಯಾಹ್ನ ಬಟ್ಟೆ ಅಂಗಡಿಯ ಲಿಫ್ಟಿನೊಳಗೆ ಐದು ಜನರಿದ್ದರು. ಆರು ಜನರನ್ನು ಹೊರಲು ತಕ್ಕ ಲಿಫ್ಟು ಅದು. ಭಾರ ಹೆಚ್ಚಾಯಿತೆಂದು ಯಾರೂ ಹೇಳುವಂತಿರಲಿಲ್ಲ. ಎರಡನೆಯ ಮಹಡಿಯಲ್ಲಿ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಜಾರುತ್ತ ಇಳಿದು, ನೆಲಮಹಡಿಯನ್ನೂ ದಾಟಿ, ಕೆಳಗಿನ ಗುಂಡಿಗೆ ಬಡಿದು ನಿಂತಿತು. ಮೂವರು ಹೇಗೋ ಎದ್ದು ಹೊರಬಂದರು. ಒಬ್ಬನ ಕಾಲು ಮುರಿಯಿತು. ಮೊಮ್ಮಗಳಿಗೆ ಅಂಗಿ ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳ ಬೆನ್ನುಮೂಳೆಗೆ ಏಟು ಬಿದ್ದು, ಆಕೆ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದಳು.

ಆ ಲಿಫ್ಟಿನ ರಿಪೇರಿ ನೋಡಿಕೊಳ್ಳುತ್ತಿದ್ದವರು ಒಂದೇ ಬಾಗಿಲಿನ ಅಂಗಡಿಯ ಅಣ್ಣ ತಮ್ಮಂದಿರು. ಮುಂದೆ ಒಂದು ಮೇಜು, ಒಂದು ಫೋನು. ಅಡ್ಡಗೋಡೆಯ ಹಿಂದೆ ಕೆಲಸದ ಬೆಂಚು, ಗ್ರೀಸಿನ ಡಬ್ಬಗಳು, ಒಂದು ನಲ್ಲಿ. ಅಂಗಡಿ ಕಟ್ಟಿದ ಅಪ್ಪ ಸಾಯುವ ಮೊದಲು ಒಂದು ನಿಯಮ ಹಾಕಿಟ್ಟಿದ್ದ. ಗಿರಾಕಿ ಬೈಯಲು ಬಂದಾಗ ಮೇಜಿನ ಎದುರು ಯಾರಿರುತ್ತಾರೋ ಅವರೇ ಆ ಕೆಲಸ ಮಾಡಿದವರು. ಒಳಗಿದ್ದವನ ಕಡೆಗೆ ಬೆರಳು ತೋರಿಸಕೂಡದು. ಗಿರಾಕಿ ಹೋಗುವವರೆಗೆ ಒಳಗಿದ್ದವನೂ ಹೊರಗೆ ಬರಕೂಡದು. ಆಮೇಲೆ ಬಾಗಿಲು ಹಾಕಿಕೊಂಡು ಎಷ್ಟು ಬೇಕಾದರೂ ಕಿತ್ತಾಡಬಹುದು. ಮಕ್ಕಳಿಬ್ಬರೂ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಕಿತ್ತಾಟದ ಭಾಗವನ್ನಂತೂ ಅಪ್ಪ ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಪಾಲಿಸಿದ್ದರು.

ಸೋಮವಾರ ಸಂಜೆ ಇಬ್ಬರು ಪೊಲೀಸರು ಮೆಟ್ಟಿಲು ಹತ್ತಿದಾಗ ಮೇಜಿನ ಬಳಿ ಇದ್ದವನು ತಮ್ಮ. ಅಪಘಾತದ ಸುದ್ದಿ ಅಂಗಡಿಗೆ ಇನ್ನೂ ಮುಟ್ಟಿರಲಿಲ್ಲ.

"ಬಟ್ಟೆ ಅಂಗಡಿ ಲಿಫ್ಟಿನ ಕೆಲಸ ಕೊನೆಗೆ ಮಾಡಿದ್ದು ಯಾರು?"

"ನಾನೇ ಮಾಡಿದ್ದು. ಯಾಕೆ, ಏನಾಯ್ತು?"

ಮೊದಲ ಮಾತನ್ನು ಪೊಲೀಸ್ ಬರೆದುಕೊಂಡ. ಎರಡನೆಯದಕ್ಕೆ ಜೀಪಿನಲ್ಲಿ ಉತ್ತರ ಸಿಗುತ್ತದೆ ಎಂದ.

ಅಣ್ಣ ಒಳಗೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ಅವನಿಗೆ ಎಲ್ಲವೂ ಕೇಳಿಸಿತು. ನಿಯಮದ ಪ್ರಕಾರ ಹೊರಗೆ ಬರಕೂಡದು. ಅಣ್ಣ ನಿಯಮವನ್ನು ಪಾಲಿಸಿದ. ಜೀಪು ಹೊರಟ ಸದ್ದು ಅಡಗಿದ ಮೇಲೆ ನಲ್ಲಿ ನಿಲ್ಲಿಸಿದ.

ಆ ಲಿಫ್ಟಿನ ಹತ್ತಿರ ತಮ್ಮ ಹೋಗಿ ಎರಡು ತಿಂಗಳಾಗಿತ್ತು. ಅಕ್ಟೋಬರ್ ಕೊನೆಯಲ್ಲಿ ಹೋದವನು ಅಣ್ಣ. ಲಿಫ್ಟು ಮಹಡಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತಿದೆಯೆಂದು ಕಟ್ಟಡದ ಯಜಮಾನ ಫೋನು ಮಾಡಿದ್ದ. ಯಜಮಾನನ ಗುಮಾಸ್ತ ತಂದುಕೊಟ್ಟ ಬೀಗದ ಕೈಯಿಂದ ಅಣ್ಣ ಮೇಲಿನ ಮೋಟಾರು ಕೋಣೆ ತೆಗೆದು ನೋಡಿದಾಗ ಬ್ರೇಕಿನ ಲೈನಿಂಗ್, ಚಕ್ರವನ್ನು ಉಜ್ಜಿ ಹಿಡಿದು ನಿಲ್ಲಿಸುವ ಪಟ್ಟಿ, ಕಾಗದದಷ್ಟು ತೆಳ್ಳಗಾಗಿತ್ತು. ಹೊಸದನ್ನು ತರಿಸಲು ಒಂದು ವಾರ ಬೇಕು, ಅಲ್ಲಿಯವರೆಗೆ ಲಿಫ್ಟು ನಿಲ್ಲಿಸಬೇಕು ಎಂದ. ರಿಯಾಯಿತಿ ಮಾರಾಟದ ವಾರ ಲಿಫ್ಟು ನಿಲ್ಲಿಸಿದರೆ ಮೇಲಿನ ಮಹಡಿಗೆ ನೊಣವೂ ಹತ್ತುವುದಿಲ್ಲ ಎಂದು ಯಜಮಾನ ಹಲ್ಲು ಕಡಿದ. ಅವನಿಗೆ ಇನ್ನೂ ಮೂರು ಕಟ್ಟಡಗಳಿವೆ, ಆ ಮೂರಕ್ಕೂ ಬೇರೆ ರಿಪೇರಿಯವರು ಸಿಗುತ್ತಾರೆ ಎಂದೂ ಸೇರಿಸಿದ. ಅಣ್ಣ ಬ್ರೇಕಿನ ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡಿ ಇಳಿದು ಬಂದ. ತಮ್ಮನಿಗೆ ಹೇಳಲಿಲ್ಲ.

ಮಂಗಳವಾರ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಚಿಲ್ಲರೆಗಾಗಿ ಕಚ್ಚಾಡುವವರ ಬಾಯಿಯನ್ನು ಒಂದೇ ಮಾತಿನಲ್ಲಿ ಮುಚ್ಚಿಸಿ ಅಭ್ಯಾಸವಿದ್ದವಳು.

"ಕೈ ತೊಳೆದಾಯ್ತಾ, ಭಾವ?"

"ಬೆಳಬೆಳಗ್ಗೆ ಶುರು ಮಾಡಬೇಡ."

"ಶುರು ಮಾಡಿದ್ದು ನಾನಲ್ಲ. ನಿಮ್ಮ ಅಪ್ಪ. ಅವರೂ ಇಲ್ಲ, ಬೈಯೋಣ ಅಂದ್ರೆ. ಆ ಲಿಫ್ಟಿಗೆ ಹೋಗಿದ್ದು ಇವ್ರಲ್ಲ, ನೀವು. ನಂಗೊತ್ತು."

"ಗೊತ್ತಿದ್ರೆ ಸ್ಟೇಶನ್‌ಗೆ ಹೋಗಿ ಹೇಳು."

"ಹೇಳ್ದೆ. ಗಂಡನ್ನ ಬಿಡಿಸ್ಕೊಳ್ಳೋಕೆ ಹೆಂಡ್ತಿ ಸುಳ್ಳು ಹೇಳ್ತಾಳೆ ಅಂತ ನಕ್ಕು ಕಳಿಸಿದ್ರು." ಆಕೆ ಎದ್ದು ಸೀರೆ ಕೊಡವಿಕೊಂಡಳು. "ಇವತ್ತು ವಕೀಲರನ್ನ ಇಡಬೇಕು. ನಿಮ್ಮ ದುಡ್ಡು, ನನ್ನ ಆಯ್ಕೆ. ಬನ್ನಿ."

"ವಕೀಲ ಸಿಕ್ಕಾಗಿದೆ," ಎಂದ ಅಣ್ಣ. "ಕಟ್ಟಡದ ಯಜಮಾನ ಫೋನು ಮಾಡಿದ್ದ. ಅವನ ವಕೀಲನೇ ನಡೆಸ್ತಾನಂತೆ. ನಮ್ಮಿಂದ ಒಂದು ಕಾಸೂ ಬೇಡವಂತೆ."

ಆಕೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹರಿದ ನೋಟನ್ನು ಬೆಳಕಿಗೆ ಹಿಡಿದು ನೋಡುವವರ ನೋಟ ಅದು.

ಯಜಮಾನನ ವಕೀಲನ ಕಚೇರಿಯಲ್ಲಿ ನೆಲಕ್ಕೆ ದಪ್ಪ ಜಮಖಾನ ಹಾಸಿತ್ತು; ಕುರ್ಚಿಗಳು ಕೂತವರನ್ನು ಒಳಗೆಳೆದುಕೊಳ್ಳುವಷ್ಟು ಮೆತ್ತಗಿದ್ದವು. ಇಬ್ಬರಿಗೂ ನೀರು ಬಂತು, ಕಾಫಿ ಬಂತು. ವಕೀಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ.

"ನೋಡಮ್ಮ, ಹೆದರೋ ಅಂಥದ್ದೇನಿಲ್ಲ. ನಿನ್ನ ಗಂಡ 'ನಾನೇ ಮಾಡಿದ್ದು' ಅಂತ ಆಗಲೇ ಹೇಳಿದ್ದಾನೆ. ಅದನ್ನ ನಾವು ಎಳೆದಾಡೋದು ಬೇಡ. ಅಜಾಗರೂಕತೆ ಅಂತ ಒಪ್ಪಿಕೊಂಡ್ರೆ ಸಣ್ಣದರಲ್ಲಿ ಮುಗಿಯುತ್ತೆ. ಇಲ್ಲಿ ಸಹಿ ಮಾಡಿಸಿಕೊಂಡು ಬಂದ್ರೆ ಸಾಕು, ಉಳಿದದ್ದು ನನಗೆ ಬಿಡಿ."

"ಸಣ್ಣದು ಅಂದ್ರೆ ಎಷ್ಟು?"

"ಒಂದು, ಒಂದೂವರೆ ವರ್ಷ. ಆ ಅಜ್ಜಿ ಉಳಿದರೆ."

"ಉಳೀದಿದ್ರೆ?"

ವಕೀಲ ಕನ್ನಡಕ ತೆಗೆದು ಒರೆಸಿದ. "ಕೆಟ್ಟದ್ದನ್ನ ಯಾಕೆ ಯೋಚಿಸ್ತೀಯ?"

"ನೀವು ಯೋಚಿಸ್ತೀರಿ ಅಂದ್ಕೊಂಡು ಬಂದೆ. ಇರಲಿ, ನಿಮಗೆ ದುಡ್ಡು ಕೊಡೋದು ಯಾರು?"

"ಯಜಮಾನರು. ದೊಡ್ಡ ಮನಸ್ಸು ಅವರದು."

"ಕೋರ್ಟಲ್ಲಿ ನನ್ನ ಗಂಡ ಯಜಮಾನರದೂ ತಪ್ಪಿದೆ ಅನ್ನಬೇಕಾಗಿ ಬಂತು ಅಂತಿಟ್ಕೊಳ್ಳಿ. ಆಗ ನೀವು ಯಾವ ಕಡೆ ಕೂತ್ಕೋತೀರಿ, ಸ್ವಾಮಿ?"

ವಕೀಲ ಕಾಫಿಯ ಲೋಟ ಎತ್ತಿಕೊಂಡ. ಆಕೆ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿ ಎದ್ದು ಹೋದಳು. ಅಣ್ಣನಿಗೆ ಆ ಕುರ್ಚಿಯಿಂದ ಅಷ್ಟು ಬೇಗ ಏಳಲಾಗಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ವಕೀಲನ ದನಿ ಇಳಿಯಿತು. "ಮೇಸ್ತ್ರಿ, ಹೆಂಗಸಿಗೆ ತಿಳಿಯಲ್ಲ, ನಿಮಗೆ ತಿಳಿಯುತ್ತೆ. ಆ ದಿನ ಮೋಟಾರು ಕೋಣೆಗೆ ಹತ್ತಿದ್ದು ಯಾರು ಅಂತ ಯಜಮಾನರಿಗೆ ಗೊತ್ತು. ಆದರೆ ಅವರು ಮರೆತಿದ್ದಾರೆ. ಅವರು ಏನು ಅಂದ್ರು ಅನ್ನೋದನ್ನ ನೀವೂ ಮರೀರಿ. ಇಬ್ಬರಿಗೂ ಒಳ್ಳೇದು."

"ನನ್ನ ತಮ್ಮನಿಗೆ?"

"ಅವನಿಗಾಗಿ ತಾನೆ ನಾನಿರೋದು!"

ಅಣ್ಣ ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದು ಎದ್ದ. ಒಳಗೊಳಗೇ ಅವನಿಗೆ ಹಾಯೆನಿಸಿತ್ತು. ಹಾಯೆನಿಸಿದ್ದಕ್ಕೆ ಕೋಪವೂ ಬಂದಿತ್ತು. ಆ ಕೋಪವನ್ನು ಹೊರಗೆ ಕಾಯುತ್ತಿದ್ದವಳ ಮೇಲೆ ತೀರಿಸಿದ.

"ಪುಕ್ಕಟೆ ಬಂದವನನ್ನ ಒದ್ದೆಯಲ್ಲ, ಈಗ ಯಾರನ್ನ ಹುಡುಕ್ತೀಯ? ಬಸ್ಸಿನಲ್ಲಿ ಸಿಗ್ತಾರಾ ವಕೀಲರು?"

"ಬಸ್ಸಿನಲ್ಲೇ ಸಿಕ್ಕಿದ್ದು. ನಮ್ಮ ಡ್ರೈವರನ ಅಪಘಾತದ ಕೇಸು ನಡೆಸಿದೋಳು ಒಬ್ಬಳಿದ್ದಾಳೆ. ಬಾಯಿ ಕೆಟ್ಟದು ಅಂತಾರೆ."

"ಕೆಟ್ಟ ಬಾಯಿಗೆ ಬರ ಇತ್ತಾ ನಮ್ಮ ಮನೇಲಿ?"

ಆ ವಕೀಲೆಯ ಕಚೇರಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಎರಡು ಕಬ್ಬಿಣದ ಕುರ್ಚಿ, ಕಿಟಕಿಯವರೆಗೆ ಫೈಲುಗಳ ಗೋಡೆ. ಐವತ್ತು ದಾಟಿದ ಹೆಂಗಸು. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಳು. ಕೂರಲು ಹೇಳಲಿಲ್ಲ.

"ಒಳಗಿರೋನು ನಿಮಗೇನಾಗಬೇಕು?"

"ಗಂಡ."

"ನಿಮಗೆ?"

"ತಮ್ಮ. ಫೀಸು ಕೊಡೋನು ನಾನು," ಎಂದ ಅಣ್ಣ, ಆ ಮಾತಿಗಾದರೂ ಒಂದು ಕುರ್ಚಿ ಸಿಕ್ಕೀತೆಂಬ ಲೆಕ್ಕದಲ್ಲಿ.

"ಹಾಗಾದ್ರೆ ನೀವು ಆಚೆ ಹೋಗಿ."

"ಏನು?"

"ಆಚೆ. ಬಾಗಿಲು ಎಳ್ಕೊಂಡು ಹೋಗಿ, ಗಾಳಿಗೆ ಕಾಗದ ಹಾರುತ್ತೆ."

"ದುಡ್ಡು ಕೊಡೋನನ್ನೇ ಆಚೆ ಹಾಕ್ತೀರಾ?"

"ದುಡ್ಡು ಯಾರದಾದ್ರೂ ಕಕ್ಷಿದಾರ ಒಬ್ಬನೇ. ನೀವಲ್ಲ ಅವನು. ನೀವು ಒಂದೇ ಅಂಗಡಿಯವರು, ಒಂದೇ ಕೆಲಸದವರು. ಏನಾದ್ರೂ ಬಾಯಿಬಿಟ್ರೆ ಅದನ್ನ ನಾನು ಮುಚ್ಚಿಡಬೇಕಾಗಿಲ್ಲ, ಅವನಿಗೆ ಉಪಯೋಗ ಆದರೆ ಬಳಸ್ತೀನಿ. ಅದಕ್ಕೇ ಹೇಳ್ತಿರೋದು, ಏನೂ ಹೇಳದೆ ಹೋಗಿ. ಇದು ನಿಮಗೆ ನಾನು ಕೊಡೋ ಒಂದೇ ಪುಕ್ಕಟೆ ಸಲಹೆ."

ಅಣ್ಣ ಮೆಟ್ಟಿಲ ಮೇಲೆ ನಿಂತ. ಕೆಳಗೆ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಹತ್ತಿ ಬಂದ ಒಬ್ಬ ಮುದುಕ, "ನಿಮ್ಮದೂ ಜಮೀನಿನ ವ್ಯಾಜ್ಯವಾ?" ಎಂದು ಕೇಳಿ, ಇವನ ಮುಖದ ಗಂಟು ನೋಡಿ ಒಂದು ಮೆಟ್ಟಿಲು ಕೆಳಗೇ ಕೂತ. ಇಷ್ಟು ವಯಸ್ಸಿಗೆ ಅಣ್ಣನನ್ನು ಯಾರೂ ಬಾಗಿಲಾಚೆ ನಿಲ್ಲಿಸಿರಲಿಲ್ಲ. ಆದರೂ ಲೆಕ್ಕ ಅರ್ಥವಾಗದವನಲ್ಲ ಅವನು. ಜಮಖಾನದ ಕಚೇರಿಯಲ್ಲಿ ತಮ್ಮನ ವಕೀಲನೆಂದವನು ಇವನನ್ನು ಒಳಗೆ ಕೂರಿಸಿಕೊಂಡು ತಮ್ಮನ ಹೆಂಡತಿಯನ್ನು ಹೊರಗೆ ಬಿಟ್ಟಿದ್ದ. ಇಲ್ಲಿ ಅದು ತಿರುವುಮುರುವಾಗಿತ್ತು. ಎರಡರಲ್ಲಿ ಯಾವುದು ಸರಿಯೆಂದು ತಿಳಿಯಲು ಹೆಚ್ಚು ಓದು ಬೇಕಿರಲಿಲ್ಲ. ಈ ವಕೀಲೆ ಕೆಲಸಕ್ಕೆ ಇಳಿದರೆ ಮೊದಲು ಕೆದಕುವುದು ಆ ದಿನ ಬ್ರೇಕಿಗೆ ಕೈ ಹಾಕಿದವರು ಯಾರು ಎಂಬುದನ್ನು. ಅವಳಿಗೆ ಹಣ ಕೊಡುವುದೆಂದರೆ ನೇಣಿಗೆ ತನ್ನ ಕೊರಳ ಅಳತೆಯನ್ನು ತಾನೇ ಕೊಟ್ಟ ಹಾಗೆ.

ಬಾಗಿಲು ತೆರೆಯಿತು. ತಮ್ಮನ ಹೆಂಡತಿ ಹೇಳಿದಳು, "ಇವರೇ. ದುಡ್ಡು ಕೊಡಿ, ಭಾವ."

ಕೊಟ್ಟ. ದುಡ್ಡು ಕೊಡುತ್ತೇನೆಂದು ಬಂದವನು ಕೊಡದೆ ಹೋದನೆಂಬ ಮಾತು ಬೇಡವೆಂದು ಕೊಟ್ಟ. ಒಳ್ಳೆಯತನದ ಸೋಂಕು ಅದರಲ್ಲಿರಲಿಲ್ಲ.

ಮಧ್ಯಾಹ್ನ ವಕೀಲೆ ವಕಾಲತ್ತಿನ ಕಾಗದ ಹಿಡಿದು ಸ್ಟೇಶನ್ನಿನೊಳಗೆ ಹೋದಳು. ತಮ್ಮ ಅದಕ್ಕೆ ಸಹಿ ಹಾಕಿದರೆ ಮಾತ್ರ ಅವಳು ಅವನ ವಕೀಲೆ. ಅರ್ಧ ಗಂಟೆಯ ಮೇಲೆ ಖಾಲಿ ಕಾಗದವನ್ನೇ ಹಿಡಿದು ಹೊರಗೆ ಬಂದಳು.

"ಸಹಿ ಹಾಕಲ್ಲವಂತೆ. ಯಜಮಾನನ ವಕೀಲನೇ ಬರಲಿ ಅಂತಾನೆ. ಒಪ್ಪಿಕೊಂಡು ಒಳಗೆ ಹೋಗ್ತಾನಂತೆ. ಬಂಧನ ಅಂತ ಇವತ್ತಷ್ಟೇ ಬರ್ಕೊಂಡಿದ್ದಾರೆ, ಅದಕ್ಕೇ ಕೋರ್ಟು ನಾಳೆ. ಕರ್ಕೊಂಡು ಹೋಗೋ ಮೊದಲು ಬುದ್ಧಿ ಬಂದ್ರೆ ಹೇಳಿ. ಬರದಿದ್ರೆ ನಿಮ್ಮ ದುಡ್ಡು ವಾಪಸ್ ತಗೊಳ್ಳಿ."

ಅಣ್ಣ ಕಾವಲಿನವನನ್ನು ಕೇಳಿ ಒಳಗೆ ಹೋದ.

ತಮ್ಮ ಕಂಬಿಯ ಆಚೆ, ಗೋಡೆಗೆ ಒರಗಿ ಕೂತಿದ್ದ. ಬೆಲ್ಟು ಕಿತ್ತುಕೊಂಡಿದ್ದರಿಂದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದ.

"ಯಾಕೋ ಸಹಿ ಹಾಕಲಿಲ್ಲ?"

"ಊಟ ಮಾಡಿದ್ಯಾ ಅಂತ ಕೇಳಲ್ವಾ ಮೊದಲು?"

"ಮಾಡಿದ್ಯಾ?"

"ಇಲ್ಲ. ಕೇಳಿದ್ದಕ್ಕೆ ಸಂತೋಷ." ತಮ್ಮ ಕಾವಲಿನವನ ಕಡೆ ನೋಡಿ ದನಿ ತಗ್ಗಿಸಿದ. "ಲೈನಿಂಗ್ ಸವೆದಿತ್ತಾ?"

"ಸವೆದಿತ್ತು."

"ಗೊತ್ತಿದ್ದೂ ಬಿಟ್ಟು ಬಂದ್ಯಾ?"

"ಸ್ಪ್ರಿಂಗ್ ಬಿಗಿ ಮಾಡಿ ಬಂದೆ."

"ನಂಗೆ ಹೇಳಲಿಲ್ಲ."

"ಹೇಳಿದ್ರೆ ನೀನು ಹೋಗಿ ಲಿಫ್ಟ್ ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಿದ್ದೆ. ಆ ಮುದುಕಿ ಮೆಟ್ಟಿಲು ಹತ್ಕೊಂಡು ಹೋಗಿ ಬೈಕೊಂಡು ಇಳೀತಿದ್ಲು. ಅಷ್ಟೇ ಆಗ್ತಿತ್ತು."

ಅಣ್ಣ ಕಂಬಿಯ ಮೇಲಿನ ತುಕ್ಕನ್ನು ಉಗುರಿನಿಂದ ಕೆರೆದ.

"ಆ ಹೆಂಗಸು ಚುರುಕಿದ್ದಾಳೆ," ಎಂದ ತಮ್ಮ. "ಕೂತ ತಕ್ಷಣ ಕೇಳಿದ್ದೇ ಅದು, ನಿಜವಾಗ್ಲೂ ಕೆಲಸ ಮಾಡಿದ್ದು ಯಾರು ಅಂತ. ಉತ್ತರ ಕೊಟ್ರೆ ನಾನು ಆಚೆ, ನೀನು ಒಳಗೆ. ಕೊಡಲಿಲ್ಲ."

"ನನ್ನ ಮೇಲೆ ಅಷ್ಟು ಪ್ರೀತಿನಾ?"

ತಮ್ಮ ನಕ್ಕ. ಆ ನಗೆಗೆ ಕಾವಲಿನವನೂ ತಿರುಗಿ ನೋಡಿದ.

"ಪ್ರೀತಿ! ಅಪ್ಪ ಸತ್ತಾಗಿಂದ ತಟ್ಟೆ ಮುಂದೆ ಕೂತಾಗೆಲ್ಲ ಅನ್ನದ ಜೊತೆ ಏನು ಬಡಿಸಿದ್ದೀಯ ನಂಗೆ? ನಾನು ಸಾಕಿದೆ, ನಾನು ಓದಿಸಿದೆ, ನಾನು ಕೆಲಸ ಕಲಿಸಿದೆ, ನಿನಗೋಸ್ಕರ ಮದುವೇನೂ ಮಾಡ್ಕೊಳ್ಳಲಿಲ್ಲ. ನುಂಗಿ ನುಂಗಿ ಸಾಕಾಗಿದೆ. ಇನ್ನು ನನ್ನ ಸರದಿ. ಎರಡು ವರ್ಷವಾಗಲಿ, ಐದಾಗಲಿ, ಇದ್ದು ಬರ್ತೀನಿ. ಆಮೇಲೆ ಸಾಯೋವರೆಗೂ ನೀನು ನನ್ನ ಮುಖ ನೋಡ್ಕೊಂಡೇ ತುತ್ತು ಎತ್ತಬೇಕು. ನಾನು ಬಾಯಲ್ಲಿ ಏನೂ ಹೇಳಲ್ಲ. ಸುಮ್ಮನೆ ಎದುರಿಗೆ ಕೂತಿರ್ತೀನಿ."

"ನಿನ್ನ ಹೆಂಡತಿ ಗತಿ?"

"ಅದೂ ನಿನ್ನ ಲೆಕ್ಕಕ್ಕೇ ಬರ್ಕೋ."

ಅಣ್ಣ ಹೊರಗೆ ಬಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಅತ್ತಿದ್ದರೆ ಬಹುಶಃ ಸುಳ್ಳು ಸಮಾಧಾನ ಹೇಳಿ, ಯಜಮಾನನ ವಕೀಲನನ್ನೇ ಕರೆಸಿ, ಹಾಯಾಗಿ ಮನೆಗೆ ಹೋಗುತ್ತಿದ್ದ. ಆದರೆ ಒಬ್ಬರ ಹಂಗಿನಲ್ಲಿ ಒಂದು ದಿನವೂ ಬದುಕಿ ತಿಳಿಯದವನು ಅವನು. ಹಂಗಿನಲ್ಲಿಡುವುದು ಹೇಗೆಂದು ಮಾತ್ರ ಬಲ್ಲವನು. ತಾನು ದಿನವೂ ಬಡಿಸಿದ್ದು ಉಣ್ಣುವವರಿಗೆ ಹೇಗಿರುತ್ತದೆಂದು ಆ ಕಂಬಿಯ ಮುಂದೆ ಒಂದೇ ತುತ್ತಿನಲ್ಲಿ ತಿಳಿದಿತ್ತು. ಎರಡನೆಯ ತುತ್ತು ಅವನಿಗೆ ಬೇಡವಾಗಿತ್ತು.

ವಕೀಲೆ ಆಟೋ ಹತ್ತುತ್ತಿದ್ದಳು. ಅಣ್ಣ ಅಡ್ಡ ಹೋಗಿ ನಿಂತ.

"ನನಗೆ ಒಬ್ಬ ವಕೀಲ ಬೇಕು."

"ನಾನು ಆಗಲ್ಲ."

"ನೀವೇ ಬೇಕು ಅಂತ ನಾನೆಲ್ಲಿ ಹೇಳಿದೆ?"

ಆಕೆ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು. "ಯಾರ ಹೆಸರನ್ನೂ ನಾನು ಹೇಳಲ್ಲ, ಅದು ಸರಿಯಲ್ಲ. ಕೋರ್ಟಿನ ಬೀದಿ ತುಂಬ ಬೋರ್ಡುಗಳಿವೆ. ಒಬ್ಬರನ್ನ ಹುಡುಕಿ. ಅಲ್ಲಿಯವರೆಗೆ ಬಾಯಿ ಹೊಲ್ಕೊಂಡಿರಿ."

ಕೋರ್ಟಿನ ಬೀದಿಯಲ್ಲಿ ಮೊದಲನೆಯವನು, ದುಡ್ಡು ಇವತ್ತೇ ಕಟ್ಟಿದರೆ ನಾಳೆಯೇ ಖುಲಾಸೆ ಎಂದ. ಅಣ್ಣ ಎದ್ದು ಹೊರಬಂದ. ಲಿಫ್ಟು ಇನ್ನು ಜನ್ಮದಲ್ಲಿ ಕೆಡುವುದಿಲ್ಲ ಎನ್ನುವ ಮೆಕ್ಯಾನಿಕ್ಕನ್ನು ಅವನು ಬಲ್ಲ. ಎರಡನೆಯವನು ಒಬ್ಬ ಬಡಕಲು ಮನುಷ್ಯ. ಕೋಟಿನ ತೋಳಿಗೆ ತಾನೇ ಗುಂಡಿ ಹೊಲಿಯುತ್ತ ಕೂತಿದ್ದ.

"ನೀವು ಆ ಕಟ್ಟಡದ ಯಜಮಾನನ ಕೇಸು ನಡೆಸ್ತೀರಾ?"

"ಅವನು ನನ್ನನ್ನ ಬಾಗಿಲಲ್ಲೂ ನಿಲ್ಲಿಸಲ್ಲ. ಕೂತ್ಕೊಳ್ಳಿ."

ಅಣ್ಣ ಕೂತು ಎಲ್ಲವನ್ನೂ ಹೇಳಿದ: ಲೈನಿಂಗ್, ಸ್ಪ್ರಿಂಗ್, ರಿಯಾಯಿತಿ ಮಾರಾಟ, ನಲ್ಲಿ. ಬಡಕಲು ವಕೀಲ ದಾರ ಕಚ್ಚಿ ಕತ್ತರಿಸಿದ.

"ನನ್ನ ಸಲಹೆ ಬೇಕಾ? ಸುಮ್ಮನಿರಿ. ನಿಮ್ಮ ತಮ್ಮ ಹೇಳ್ತಿಲ್ಲ, ಯಜಮಾನ ಹೇಳಲ್ಲ, ಅವನ ಗುಮಾಸ್ತನೂ ಹೇಳಲ್ಲ. ನಿಮ್ಮ ಮೇಲೆ ಸಾಕ್ಷಿ ಇಲ್ಲ. ತಾನಾಗಿ ಹೋಗಿ ತಲೆ ಕೊಡೋನನ್ನ ಮೂರ್ಖ ಅಂತಾರೆ."

"ಸಲಹೆ ಕೇಳಿದೆ. ಈಗ ಜೊತೆಗೆ ಬರ್ತೀರೋ ಇಲ್ವೋ?"

"ಬರ್ತೀನಿ. ಮೂರ್ಖರಿಗೇ ವಕೀಲರು ಜಾಸ್ತಿ ಬೇಕಾಗೋದು. ಆದರೆ ಒಂದು ಷರತ್ತು. ನಾನು ಹೇಳೋವರೆಗೆ ಬಾಯಿ ತೆಗೀಬಾರದು. ತೆಗೆದ ಮೇಲೆ ಅರ್ಧ ಹೇಳಿ ನಿಲ್ಲಿಸಬಾರದು. ಯಜಮಾನ ಅಂದಿದ್ದನ್ನೂ ಒಂದಕ್ಷರ ಬಿಡದೆ ಹೇಳಬೇಕು. ಎಲ್ಲಾ ನನ್ನದೇ ತಪ್ಪು ಅಂತ ದೊಡ್ಡಸ್ತಿಕೆ ಮಾಡೋಕೆ ಹೋದ್ರೆ ನಾನು ಅಲ್ಲೇ ಎದ್ದು ಬರ್ತೀನಿ."

ಬುಧವಾರ ಬೆಳಗ್ಗೆ ಅಣ್ಣ ಆ ವಕೀಲನನ್ನು ಪಕ್ಕಕ್ಕಿಟ್ಟುಕೊಂಡು ಇನ್ಸ್‌ಪೆಕ್ಟರರ ಮೇಜಿನ ಮುಂದೆ ಕೂತ. ಯಾರೂ ಪ್ರಶ್ನೆ ಕೇಳುವ ಮೊದಲೇ ಹೇಳಲು ತೊಡಗಿ ವಕೀಲನಿಂದ ಮೊಣಕೈ ತಿವಿತ ತಿಂದ. ಆಮೇಲೆ ಕ್ರಮವಾಗಿ ಹೇಳಿದ. ಅಕ್ಟೋಬರಿನಲ್ಲಿ ಯಜಮಾನ ಫೋನು ಮಾಡಿದ್ದು, ಮೋಟಾರು ಕೋಣೆಯ ಬೀಗದ ಕೈ ತಂದುಕೊಟ್ಟ ಗುಮಾಸ್ತ, ಅವನ ಎದುರಿಗೇ ನಡೆದ ಮಾತು. ಗುಮಾಸ್ತನನ್ನು ಕರೆಸಿದರು. ಮೊದಲು ಅವನೂ ಮರೆತಿದ್ದ. ಎರಡನೆಯ ಸಲ ಕೇಳಿದಾಗ ನೆನಪಾಯಿತು.

ಅದು ಮುಗಿಯುವ ವೇಳೆಗೆ ತಮ್ಮ ವಕೀಲೆಯ ಕಾಗದಕ್ಕೆ ಸಹಿ ಹಾಕಿದ್ದ. ಇನ್ನು ಸಹಿ ಹಾಕದಿರುವುದರಿಂದ ಅವನಿಗೆ ಬರಬೇಕಾದದ್ದು ಏನೂ ಉಳಿದಿರಲಿಲ್ಲ. ಜಾಮೀನಿಗಾಗಿ ಅವನನ್ನು ಕೋರ್ಟಿಗೆ ಕರೆದೊಯ್ಯುವಾಗ ಅಣ್ಣನನ್ನು ಒಳಕ್ಕೆ ತರುತ್ತಿದ್ದರು. ಕಿರಿದಾದ ಮೊಗಸಾಲೆ, ಒಬ್ಬರು ಗೋಡೆಗೆ ಸರಿದು ನಿಲ್ಲದೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಇಬ್ಬರೂ ಸರಿಯಲಿಲ್ಲ.

"ಯಾರು ಕೇಳಿದ್ರು ನಿನ್ನ?" ಎಂದ ತಮ್ಮ. ಅವನ ಮುಖ ಕೆಂಪಗಾಗಿತ್ತು.

"ಯಾರೂ ಕೇಳಲಿಲ್ಲ."

"ಹುಟ್ಟಿದಾಗಿಂದ ನನ್ನದು ಅನ್ನೋದು ಒಂದು ಸಿಕ್ಕಿತ್ತು. ಅದನ್ನೂ ಕಿತ್ಕೊಂಡೆ."

"ನೀನು ಬಡಿಸೋದನ್ನ ಉಣ್ಣೋಕೆ ನನ್ನಿಂದಾಗಲ್ಲ."

"ನಾನು ಉಣ್ಣಲಿಲ್ವಾ?"

ಹಿಂದೆ ನಿಂತಿದ್ದ ತಮ್ಮನ ಹೆಂಡತಿ ಗಂಡನ ತೋಳು ಹಿಡಿದು ಒಂದು ಹೆಜ್ಜೆ ಹಿಂದಕ್ಕೆಳೆದಳು. ಆಕೆಯ ಮುಖದಲ್ಲೂ ಕರುಣೆಯೇನಿರಲಿಲ್ಲ.

"ನಿಮ್ಮ ವಕೀಲರು ಹೇಗೆ, ಭಾವ?"

"ನನ್ನನ್ನ ಮೂರ್ಖ ಅಂದ್ರು."

"ಹಾಗಾದ್ರೆ ಪರವಾಗಿಲ್ಲ. ಅವರನ್ನೇ ಇಟ್ಕೊಳ್ಳಿ." ಒಂದು ಗಳಿಗೆ ತಡೆದು, "ಆಸ್ಪತ್ರೆಗೆ ಹೋಗಿದ್ದೆ. ಅಜ್ಜಿ ಇನ್ನೂ ಕಣ್ಣು ಬಿಟ್ಟಿಲ್ಲ," ಎಂದಳು.

ಪೊಲೀಸ್ ಗದರಿದ. ಅಣ್ಣನೇ ಗೋಡೆಗೆ ಸರಿದು ದಾರಿ ಬಿಟ್ಟ. ತಮ್ಮ ಎದುರಿಗೆ ಬಂದಾಗ, ಕಣ್ಣು ತಗ್ಗಿಸದೆ ಹೇಳಿದ:

"ಎರಡು ರಾತ್ರಿ ನೀನು ಒಳಗಿದ್ದೆ. ಅದು ನನ್ನ ಮೇಲಿದೆ. ತೀರಿಸೋಕೆ ದಾರಿ ಗೊತ್ತಿಲ್ಲ."

"ನಾನು ಮನ್ನಾ ಮಾಡಲ್ಲ."

"ಮಾಡು ಅಂತ ಕೇಳಿಲ್ಲ."

ತಮ್ಮ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಡೆದ. ಅಣ್ಣ ತನ್ನ ಬೆಲ್ಟು ಬಿಚ್ಚಿ ಕಾವಲಿನವನ ಕೈಗೆ ಕೊಟ್ಟ. ಆ ಎರಡು ರಾತ್ರಿಗಳು ಹಾಗೆಯೇ ಬಾಕಿ ಉಳಿದವು.